ಕುರಿಹಟ್ಟಿಯಿಂದ ಹೃದಯದ ಕವಾಟಕ್ಕೆ

ಪ್ರಶ್ನೆ: ಕುರಿ-ಮೇಕೆಗಳಿಂದ ಬರುವ ಕ್ಯೂ ಜ್ವರ ಕೆಲವರ ಹೃದಯದ ಕವಾಟವನ್ನೇ ಕೆಡಿಸುತ್ತದಂತೆ, ಹೇಗೆ?

1930ರ ದಶಕದಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಕಸಾಯಿಖಾನೆ ಕೆಲಸಗಾರರಲ್ಲಿ ಮೊದಲು ಗುರುತಿಸಿದ ಈ ಜ್ವರಕ್ಕೆ ಕಾರಣ ಕಾಕ್ಸಿಯೆಲ್ಲಾ ಬರ್ನೆಟಿ ಎಂಬ ಬ್ಯಾಕ್ಟೀರಿಯಾ. ಈದ ಕುರಿಯ ಮಾಸು ಒಣಗಿ ಧೂಳಾದರೂ ಅದರಲ್ಲಿರುವ ಈ ಬ್ಯಾಕ್ಟೀರಿಯಾ ಸಾಯದು; ಉಸಿರಿನೊಡನೆ ಒಳಸೇರಿ, ರೋಗಾಣುಗಳನ್ನು ನುಂಗಬೇಕಾದ ರಕ್ಷಕ ಕೋಶದೊಳಗೇ ಬಿಡಾರ ಹೂಡುತ್ತದೆ. ಹಾಗಾದರೆ ಕುರಿ ಸಾಕುವವರಿಗೆಲ್ಲ ಹೃದ್ರೋಗ ಬರಬೇಕಲ್ಲ? ಬರುವುದಿಲ್ಲ. ಹಲವರಿಗೆ ಸೋಂಕು ತಗುಲಿದ್ದೇ ತಿಳಿಯದು, ಉಳಿದವರಲ್ಲಿ ಹೆಚ್ಚಿನವರಿಗೆ ಫ್ಲೂನಂಥ ಜ್ವರ ಬಂದು ಹೋಗುತ್ತದೆ. ನಯವಾದ ಗೋಡೆಗೆ ಬಿದ್ದ ಅರಳಿ ಬೀಜ ಮಳೆಗೆ ಜಾರಿಹೋಗುತ್ತದೆ, ಬಿರುಕು ಸಿಕ್ಕರೆ ಬೇರುಬಿಡುತ್ತದೆ. ಇಲ್ಲೂ ಹಾಗೆಯೇ: ಕವಾಟ ಮೊದಲೇ ಹಾನಿಗೊಂಡವರು, ಕೃತಕ ಕವಾಟ ಹಾಕಿಸಿಕೊಂಡವರು ಇದರ ಮುಖ್ಯ ಗುರಿ.

ಇಂಥವರ ರಕ್ತವನ್ನು ಕಲ್ಚರ್‌ಗೆ ಇಟ್ಟರೂ ಏನೂ ಬೆಳೆಯಲಿಲ್ಲ, ಹಾಗಾಗಿ ಸೋಂಕಿಲ್ಲ ಎನ್ನುವ ವಾದ ನಿಲ್ಲುವುದಿಲ್ಲ. ಜೀವಕೋಶದೊಳಗಷ್ಟೇ ವೃದ್ಧಿಯಾಗುವ ಜೀವಿ ಮಾಮೂಲಿ ಕಲ್ಚರ್ ಬಾಟಲಿಯಲ್ಲಿ ಬೆಳೆಯುವುದಾದರೂ ಹೇಗೆ? ಅದಕ್ಕೆ ಪ್ರತಿಕಾಯ ಪರೀಕ್ಷೆಯೇ ಬೇಕು. ಕುರಿಗಳ ಒಡನಾಟವನ್ನು ರೋಗಿ ಬಾಯಿಬಿಟ್ಟು ಹೇಳದಿದ್ದರೆ ಇದು ಕ್ಯೂ ಜ್ವರ ಇರಬಹುದೆಂದು ವೈದ್ಯರಿಗೆ ಹೊಳೆಯುವುದೂ ಕಷ್ಟ. ಬ್ಯಾಕ್ಟೀರಿಯಾ ನೆಲೆಸುವ ಕೋಶದ ಆಮ್ಲೀಯ ಚೀಲದಲ್ಲಿ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕ ಮಂಕಾಗುವುದರಿಂದ, ಕವಾಟಕ್ಕೆ ಸೋಂಕು ತಗುಲಿದವರಿಗೆ ಅದನ್ನು ಆಮ್ಲ ತಗ್ಗಿಸುವ ಹೈಡ್ರಾಕ್ಸಿಕ್ಲೋರೊಕ್ವಿನ್ ಜೊತೆಗೂಡಿಸಿ ಕನಿಷ್ಠ 18 ತಿಂಗಳು ಕೊಡುತ್ತಾರೆ.