ಮನೆಮಗಳ ಸಂಬಳ

ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೊರಟರೆ ಕೂಸನ್ನು ನೋಡಿಕೊಳ್ಳುವವರಾರು ಎಂಬ ಪ್ರಶ್ನೆ ನ್ಯಾಯಾಸನದವರೆಗೂ ಹೋದದ್ದುಂಟು. ಅಮೆರಿಕದ ಸ್ಮಿತ್ ದಂಪತಿಗಳು ತಮ್ಮ 1937ನೆಯ ಇಸವಿಯ ವರಮಾನದ ಲೆಕ್ಕದಲ್ಲಿ ದಾದಿಯರ ಸಂಬಳವನ್ನು ಕಳೆದು ತೋರಿಸಿದರು. ದಾದಿಯಿಲ್ಲದೆ ತಾಯಿ ದುಡಿಯಲಾರಳು, ಆದ್ದರಿಂದ ಅದು ದುಡಿಮೆಯ ಖರ್ಚೇ ಸರಿ ಎಂಬುದು ಅವರ ವಾದ. 1939ರಲ್ಲಿ ತೆರಿಗೆಯ ಮೇಲ್ಮನವಿ ಮಂಡಲಿಯು ಇದನ್ನು ಒಪ್ಪದೆ, ಮಕ್ಕಳ ಪಾಲನೆ ಮನೆಯ ಸ್ವಂತ ವಿಷಯವೆಂದು ತಳ್ಳಿಹಾಕಿತು. ಕೇಳುವುದಕ್ಕೆ ಇದು ಗೃಹಿಣಿಗೆ ಸಲ್ಲಿಸಿದ ಗೌರವದಂತಿದೆ. ಹೊರೆ ಮಾತ್ರ ಅವಳ ಹೆಗಲಲ್ಲೇ ಉಳಿಯಿತು. 1954ರ ಶಾಸನ ದುಡಿಯುವ ಸ್ತ್ರೀಯರಿಗೂ ವಿಧುರರಿಗೂ 600 ಡಾಲರುಗಳ ಮಿತಿಯಲ್ಲಿ ಅನುಕೂಲ ಕಲ್ಪಿಸಿತು. ಪಾಲನೆಯ ಖರ್ಚಿನಲ್ಲಿ ಒಂದು ಪಾಲನ್ನು ತೆರಿಗೆಯಿಂದಲೇ ಇಳಿಸುವ ಈಗಿನ ಕ್ರಮ ಬಂದದ್ದು 1976ರಲ್ಲಿ.

ಈ ರಿಯಾಯಿತಿ 'ಓ ಪೇರ್' ಹುಡುಗಿಯನ್ನು ಇಟ್ಟುಕೊಂಡವರಿಗೂ ಉಂಟು. ಫ್ರೆಂಚ್ ಭಾಷೆಯ ಆ ಮಾತಿಗೆ ಸರಿಸಮವಾಗಿ ಎಂದರ್ಥ. ಪರದೇಶದಿಂದ ಬಂದು, ಮನೆಯವರ ಪಂಕ್ತಿಯಲ್ಲಿಯೇ ಉಂಡು, ಮಕ್ಕಳನ್ನು ನೋಡಿಕೊಂಡು, ಬಿಡುವಿನಲ್ಲಿ ಓದುವವಳು ಆಕೆ. ಹುಡುಗರೂ ಬರುವುದುಂಟು, ಆದರೆ ವಿರಳ. 1986ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಏರ್ಪಾಟಿನಲ್ಲಿ 18ರಿಂದ 26 ವರ್ಷದವರು ವಿನಿಮಯ ವೀಸಾ ಪಡೆದು ಬರುತ್ತಾರೆ. ದಿನಕ್ಕೆ 10, ವಾರಕ್ಕೆ 45 ಗಂಟೆಗಳಿಗೆ ಮೀರಿ ದುಡಿಸುವಂತಿಲ್ಲ. ಊಟ, ಪ್ರತ್ಯೇಕ ಕೋಣೆ, ಓದಿಗೆ 500 ಡಾಲರುಗಳವರೆಗಿನ ನೆರವು, ಇವುಗಳ ಜೊತೆಗೆ ವಾರಕ್ಕೆ ಕನಿಷ್ಠ 195 ಡಾಲರು 75 ಸೆಂಟು. ಮ್ಯಾಸಚೂಸೆಟ್ಸಿನಂತಹ ರಾಜ್ಯದಲ್ಲಿ ಇನ್ನೂ ಹೆಚ್ಚು ಕೊಡಬೇಕು.

ವೀಸಾದ ಕಡತದಲ್ಲಿ ಆಕೆ ಸಂಸ್ಕೃತಿಯನ್ನು ಅರಿಯಲು ಬಂದ ಅತಿಥಿ. ತೆರಿಗೆಯ ಕಡತ ಹಾಗೆ ಬಗೆಯುವುದಿಲ್ಲ. ಮಗುವಿಗೆ 13 ತುಂಬಿರಬಾರದು. ತಂದೆತಾಯಿಗಳಿಬ್ಬರೂ ದುಡಿಯುತ್ತಿರಬೇಕು, ಇಲ್ಲವೆ ಒಬ್ಬರು ಪೂರ್ಣಾವಧಿಯ ವಿದ್ಯಾರ್ಥಿಯೋ ಅಶಕ್ತರೋ ಆಗಿರಬೇಕು. 2441ನೆಯ ಸಂಖ್ಯೆಯ ನಮೂನೆಯಲ್ಲಿ ಮಗುವನ್ನು ನೋಡಿಕೊಂಡವಳ ಹೆಸರು, ವಿಳಾಸ, ಸಾಮಾಜಿಕ ಭದ್ರತೆಯ ಸಂಖ್ಯೆಗಳನ್ನು ತುಂಬಬೇಕು. ಏಜೆನ್ಸಿಯ ಶುಲ್ಕವೂ ಖರ್ಚಿಗೆ ಸೇರಬಹುದು. ದಂಪತಿಗಳು ಹೊರಗೆ ಊಟಕ್ಕೆ ಹೋದ ಸಂಜೆಯ ಪಾಲನೆ ಸೇರದು. ಎಷ್ಟೇ ಖರ್ಚಾದರೂ ಒಂದು ಮಗುವಿಗೆ 3,000, ಇಬ್ಬರು ಅಥವಾ ಹೆಚ್ಚು ಮಕ್ಕಳಿಗೆ 6,000 ಡಾಲರುಗಳಷ್ಟೇ ಗಣನೆಗೆ ಬರುತ್ತದೆ. 2025ರ ಲೆಕ್ಕದಂತೆ, 43,000 ಡಾಲರು ಮೀರಿದ ವರಮಾನದ ಮನೆಗೆ ಅದರಲ್ಲಿ ನೂರಕ್ಕೆ 20 ದೊರೆಯುತ್ತದೆ. ಇಬ್ಬರು ಮಕ್ಕಳಿದ್ದರೆ 1,200 ಡಾಲರು. 2026ರಿಂದ ದರ ಏರಿದೆ, ಅತ್ಯಲ್ಪ ವರಮಾನದವರಿಗೆ ನೂರಕ್ಕೆ 50ರವರೆಗೆ.

ಅಲ್ಲಿನ ಕನ್ನಡದ ಮನೆಗಳಿಗೆ ಬಾಣಂತನಕ್ಕೆಂದು ಬೆಂಗಳೂರಿನಿಂದಲೋ ಧಾರವಾಡದಿಂದಲೋ ಹೋಗುವ ಅಜ್ಜಿಗೆ ಈ ನಮೂನೆಯಲ್ಲಿ ಸ್ಥಾನವಿಲ್ಲ. ಆಕೆಗೆ ಸಂಬಳವಿಲ್ಲ, ಪ್ರವಾಸಿ ವೀಸಾದಲ್ಲಿ ಹೋದವರು ಸಂಬಳ ಪಡೆಯುವಂತೆಯೂ ಇಲ್ಲ.

ಇನ್ನು ಹುಡುಗಿಯ ಲೆಕ್ಕವನ್ನು ನೋಡಬೇಕು. ಮನೆಯವರು ಮರೆಯುವುದು ಇದನ್ನೇ. ಕನಿಷ್ಠ ದರದಲ್ಲಿ 52 ವಾರ ದುಡಿದರೆ ಆಕೆಯ ಕೈಸೇರುವುದು 10,179 ಡಾಲರು. ಅನಿವಾಸಿ ಪರದೇಶೀಯಳೆಂದು ಪರಿಗಣಿತಳಾದ್ದರಿಂದ, ಆ ದೇಶದ ನಿವಾಸಿಗಳಿಗೆ ತಾನಾಗಿ ದೊರೆಯುವ ಮೂಲ ಕಡಿತ ಸಾಮಾನ್ಯವಾಗಿ ಆಕೆಗಿಲ್ಲ. ಮೊದಲ ಡಾಲರಿನಿಂದಲೇ ನೂರಕ್ಕೆ 10ರಂತೆ ತೆರಿಗೆ. ಹೆಚ್ಚುಕಡಿಮೆ ಐದು ವಾರಗಳ ಸಂಬಳ ಅದಕ್ಕೇ ಹೋಯಿತು! ಮನೆಯವರು ಸಂಬಳದಲ್ಲಿ ತೆರಿಗೆ ಹಿಡಿಯಬೇಕೆಂಬ ಕಡ್ಡಾಯವಿಲ್ಲ. ಆದ್ದರಿಂದ ಬಂದ ಹಣವನ್ನೆಲ್ಲ ಊರಿಗೆ ಕಳುಹಿಸಿ, ಕಟ್ಟುವ ಹೊತ್ತಿಗೆ ಬರಿಗೈಯಾಗುವ ಸಂಭವ ಹೆಚ್ಚು. ಮನೆಯವರಿಗೆ ಉಳಿಯುವ 1,200 ಡಾಲರಿಗೂ ಆಕೆ ತೆರುವ ಸಾವಿರಕ್ಕೂ ಅಂತರ ಎಷ್ಟು ಕಿರಿದೆಂಬುದನ್ನು ವಾಚಕರೇ ನೋಡಲಿ. ಆಕೆ ವಿಮಾನ ಹತ್ತುವ ಮೊದಲೇ ಈ ಸಂಗತಿಯನ್ನು ತಿಳಿಸುವುದು ನ್ಯಾಯ. ಪಂಕ್ತಿಯಲ್ಲಿ ಕೂರಿಸಿಕೊಂಡವರು ಲೆಕ್ಕದಲ್ಲಿ ಹೊರಗಿಡಬಾರದು.

ತೆರಿಗೆಗೆ ಹೆದರಿ ಆಕೆ ಸಂಖ್ಯೆ ಕೊಡದಿದ್ದರೆ? ತಾವು ಕೇಳಿದ್ದುಂಟು, ಆಕೆ ಕೊಡಲಿಲ್ಲ ಎಂದು ಬರೆದು ಲಗತ್ತಿಸಿದರೆ ಮನೆಯವರ ರಿಯಾಯಿತಿಗೆ ಭಂಗ ಬಾರದಿರಬಹುದು. ಹೆಸರೂ ವಿಳಾಸವೂ ಕೊಟ್ಟ ಹಣದ ಮೊತ್ತವೂ ಆಗಲೂ ಅದೇ ನಮೂನೆಯಲ್ಲಿ ಸರ್ಕಾರದ ಕೈ ಸೇರುತ್ತವೆ.