ಮಾಲ್ಟಾದಲ್ಲಿ ಎಂಟು ದಿನ: ನೋಡುವುದು ಕಡಿಮೆ, ಇರುವುದು ಹೆಚ್ಚು

ಭೂಪಟದಲ್ಲಿ ಮಾಲ್ಟಾವನ್ನು ಹುಡುಕಬೇಕಾದರೆ ಕನ್ನಡಕ ಏರಿಸಿಕೊಳ್ಳಬೇಕು. ಇಟಲಿಯ ತುದಿಯಲ್ಲಿ ಸಿಸಿಲಿ, ಅಲ್ಲಿಂದ ದಕ್ಷಿಣಕ್ಕೆ 90 ಕಿಲೋಮೀಟರಿಗೂ ತುಸು ಹೆಚ್ಚು ಸಮುದ್ರ ದಾಟಿದರೆ ಮೂರು ಚುಕ್ಕಿಗಳು: ಮಾಲ್ಟಾ, ಗೋಜೊ, ಇವೆರಡರ ನಡುವೆ ಕೊಮಿನೊ. ಎಲ್ಲ ಸೇರಿ 316 ಚದರ ಕಿಲೋಮೀಟರು. ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ಈ ಪುಟ್ಟ ಗಾತ್ರವೇ ಪ್ರವಾಸಿಯನ್ನು ಮೋಸಗೊಳಿಸುವುದು. 'ಇಷ್ಟೇ ತಾನೆ, ಮೂರು ದಿನದಲ್ಲಿ ಮುಗಿಸಿ ಹಾಗೇ ರೋಮ್, ವೆನಿಸ್ ನೋಡಿಕೊಂಡು ಬರೋಣ' ಎಂದು ಅಪ್ಪ ಪಟ್ಟಿ ಬರೆಯಲು ಕೂರುತ್ತಾರೆ. ಪರೀಕ್ಷೆ ಮುಗಿಸಿ ಉಸಿರು ಬಿಡುತ್ತಿರುವ ಮಗಳಿಗೆ ಮತ್ತೊಂದು ವೇಳಾಪಟ್ಟಿ ಸಿದ್ಧವಾಗುತ್ತದೆ. ಬೆಳಿಗ್ಗೆ ಆರಕ್ಕೆ ಏಳು, ಎಂಟಕ್ಕೆ ಬಸ್ಸು, ಹತ್ತಕ್ಕೆ ಕೋಟೆ!

ಮೆಡಿಟರೇನಿಯನ್ ದ್ವೀಪಕ್ಕೆ ವಿಶ್ರಾಂತಿಗೆಂದು ಹೋಗುವವರು ಮೊದಲು ಹರಿದು ಹಾಕಬೇಕಾದದ್ದು ಈ ಪಟ್ಟಿಯನ್ನು. ಆದರೆ ಪಟ್ಟಿ ಹರಿದರೆ ಸಾಲದು. ವಿಶ್ರಾಂತಿಯ ರಜೆಗೂ ಯೋಜನೆ ಬೇಕು, ಸಾಮಾನ್ಯ ಪ್ರವಾಸಕ್ಕಿಂತ ತುಸು ಹೆಚ್ಚೇ ಬೇಕು. ಎಲ್ಲಿಗೆ ಎಂಬುದಕ್ಕಿಂತ ಯಾವಾಗ ಎಂಬ ಪ್ರಶ್ನೆ ಇಲ್ಲಿ ದೊಡ್ಡದು.

ಜುಲೈ ಬೇಡ

ಯುರೋಪಿನವರಿಗೆ ಮಾಲ್ಟಾ ಎಂದರೆ ಜುಲೈ, ಆಗಸ್ಟ್. ಅಲ್ಲಿನ ಶಾಲೆಗಳಿಗೆ ಆಗ ರಜೆ. ಬಿಸಿಲು ಕಾಣದ ನಾಡುಗಳಿಂದ ಬಿಸಿಲಿಗಾಗಿಯೇ ಬರುವ ಜನ ಅವರು. ನಮಗೆ ಬಿಸಿಲಿನ ಬಡತನವಿಲ್ಲ. ಅದನ್ನು ಯೂರೋ ಕೊಟ್ಟು ಕೊಳ್ಳುವ ಅಗತ್ಯವೂ ಇಲ್ಲ. 2023ರ ಜುಲೈಯಲ್ಲಿ ಅಲ್ಲಿ ಉಷ್ಣಾಂಶ 42 ಡಿಗ್ರಿ ದಾಟಿತ್ತು. ನೆಲದಡಿಯ ವಿದ್ಯುತ್ ತಂತಿಗಳು ಕಾವಿಗೆ ಕೆಟ್ಟು, ಊರೂರಿಗೆ ದಿನಗಟ್ಟಲೆ ಕರೆಂಟು ಹೋಯಿತು. ಕೋಣೆಯಲ್ಲಿ ಫ್ಯಾನು ತಿರುಗದ, ಹೊರಗೆ ಕಾಲಿಡಲಾಗದ ರಜೆಗೆ ಯಾರು ಹೋಗುತ್ತಾರೆ?

ಕರ್ನಾಟಕದ ಮಕ್ಕಳ ಅದೃಷ್ಟವೆಂದರೆ ಇಲ್ಲಿನ ಬೇಸಿಗೆ ರಜೆ ಅಲ್ಲಿನ ವಸಂತಕ್ಕೆ ಸರಿಯಾಗಿ ಬೀಳುತ್ತದೆ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ದ್ವೀಪ ತನ್ನ ಅತ್ಯಂತ ಚೆಲುವಾದ ವೇಷದಲ್ಲಿರುತ್ತದೆ. ಚಳಿಗಾಲದ ಮಳೆ ಮುಗಿದು, ಬಂಡೆಗಳ ಸಂದಿನಲ್ಲಿ ಹಳದಿ ಹೂವು ಇನ್ನೂ ಒಣಗಿರದ ದಿನಗಳವು. ನಡೆದಾಡಲು ಹಿತವಾದ ಹವೆ. ಆದರೆ ಒಂದು ಮಾತನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಆ ಹೊತ್ತಿಗೆ ಸಮುದ್ರ ತಣ್ಣಗೆ. ಏಪ್ರಿಲ್‌ನಲ್ಲಿ ನೀರು 16 ಡಿಗ್ರಿಯ ಆಸುಪಾಸು. ಮಲ್ಪೆ, ಗೋಕರ್ಣದ ಬೆಚ್ಚನೆಯ ಅಲೆಗೆ ಒಗ್ಗಿದ ಮೈ ಒಮ್ಮೆ ಮುಳುಗಿ ಕಿರುಚಿಕೊಂಡು ಮೇಲೆ ಬರುತ್ತದೆ. ಈಜುವುದೇ ಮುಖ್ಯವಾದರೆ ದಸರಾ ರಜೆಯನ್ನು ಹಿಡಿಯಬೇಕು. ಬೇಸಿಗೆಯ ಕಾವನ್ನೆಲ್ಲ ಹೀರಿಕೊಂಡ ಸಮುದ್ರ ಅಕ್ಟೋಬರಿನಲ್ಲೂ 23 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ನಡುನಡುವೆ ಒಂದು ಜೋರು ಮಳೆ ಬಂದು ಹೋಗಬಹುದು, ಅಷ್ಟೆ. ಈಸ್ಟರ್ ವಾರವೊಂದನ್ನು ಮಾತ್ರ ಬಿಟ್ಟರೆ ಹಣವೂ ಉಳಿಯುತ್ತದೆ.

ನದಿಯಿಲ್ಲದ ನಾಡು

ಮಾಲ್ಟಾದಲ್ಲಿ ವರ್ಷವಿಡೀ ಹರಿಯುವ ಒಂದೇ ಒಂದು ನದಿ ಇಲ್ಲ, ಕೆರೆಯಿಲ್ಲ, ಹೇಳಿಕೊಳ್ಳುವಂಥ ಕಾಡೂ ಇಲ್ಲ. ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್ ಮಳೆ. ಹೆಚ್ಚುಕಡಿಮೆ ಚಿತ್ರದುರ್ಗದ ಸೀಮೆಯಷ್ಟು. ಅದೂ ಬರುವುದು ಚಳಿಗಾಲದಲ್ಲಿ. ಹಾಗಾದರೆ 5 ಲಕ್ಷಕ್ಕೂ ಮಿಕ್ಕಿದ ಜನ, 2024ರಂಥ ಒಂದೇ ವರ್ಷದಲ್ಲಿ ಬಂದುಹೋದ 35 ಲಕ್ಷಕ್ಕೂ ಹೆಚ್ಚು ಪ್ರವಾಸಿಗಳು ಏನು ಕುಡಿದರು, ಯಾವುದರಲ್ಲಿ ಮಿಂದರು?

ಈ ಪ್ರಶ್ನೆಯ ಉತ್ತರದಲ್ಲೇ ದ್ವೀಪದ ಅರ್ಧ ಚರಿತ್ರೆ ಅಡಗಿದೆ. 1566ರಲ್ಲಿ ವಲೆಟ್ಟಾ ನಗರಕ್ಕೆ ಅಡಿಗಲ್ಲು ಹಾಕಿದಾಗ, ಆಳುತ್ತಿದ್ದ ಸಂತ ಜಾನರ ಪಂಥದ ವೀರರು ಒಂದು ಕಟ್ಟಳೆ ಮಾಡಿದರು: ಮನೆ ಕಟ್ಟುವವನು ತನ್ನ ಮನೆಯಡಿಯಲ್ಲಿ ಮಳೆನೀರಿನ ತೊಟ್ಟಿಯನ್ನೂ ಕೊರೆಯಬೇಕು. ಮಳೆನೀರು ಕೊಯ್ಲಿನ ಬಗ್ಗೆ ಇಂದು ಶಾಲೆಯಲ್ಲಿ ಪ್ರಬಂಧ ಬರೆಯುವ ಮಕ್ಕಳು ಗಮನಿಸಬೇಕಾದ ಸಂಗತಿ! ಅದೂ ಸಾಲದೆ 1610ರಿಂದ 1615ರವರೆಗೆ ರಬಾತಿನ ದಿಣ್ಣೆಗಳಿಂದ ವಲೆಟ್ಟಾದವರೆಗೆ 15 ಕಿಲೋಮೀಟರಿಗೂ ಉದ್ದದ ಕಾಲುವೆ ಕಟ್ಟಿ ಊಟೆಯ ನೀರು ತಂದರು. ಅದರ ಕಮಾನುಗಳು ಇಂದೂ ಬಸ್ಸಿನ ಕಿಟಕಿಯಿಂದ ಕಾಣುತ್ತವೆ.

ಈಗ ಕೊಳವೆಬಾವಿಗಳು ಎಳೆದೂ ಎಳೆದೂ ಅಂತರ್ಜಲಕ್ಕೆ ಉಪ್ಪು ಬೆರೆತಿದೆ. ಆದ್ದರಿಂದ ಸಮುದ್ರದ ನೀರನ್ನೇ ಭಾರಿ ಒತ್ತಡದಲ್ಲಿ ತೆಳುಪೊರೆಗಳ ಮೂಲಕ ತಳ್ಳಿ ಉಪ್ಪು ಬೇರ್ಪಡಿಸುತ್ತಾರೆ. ನಮ್ಮ ಅಡುಗೆಮನೆಯ ಆರ್‌.ಓ. ಯಂತ್ರದ ತತ್ತ್ವವೇ ಅದು. ಈ ಬಗೆಯ ಮೊದಲ ದೊಡ್ಡ ಸ್ಥಾವರ 1982ರಲ್ಲಿ ಆರ್ ಲಾಪ್ಸಿ ಎಂಬಲ್ಲಿ ಆರಂಭವಾಯಿತು. ಇಂದು ನಲ್ಲಿಯಲ್ಲಿ ಬರುವ ನೀರಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹೀಗೆ ಸಮುದ್ರದಿಂದ ಬಂದದ್ದು. ಎಂದರೆ, ಹೋಟೆಲಿನ ಷವರ್ ತಿರುಗಿಸಿದಾಗ ಮೈಮೇಲೆ ಬೀಳುವುದು ಬರಿಯ ನೀರಲ್ಲ, ಒಂದಿಷ್ಟು ವಿದ್ಯುತ್ತೂ ಹೌದು. ನಾಲ್ಕು ದಿನ ತಂಗುವವರು ದಿನಾ ಹೊಸ ಟವೆಲು ಕೇಳದಿದ್ದರೆ, ಈಜುಕೊಳವಿಲ್ಲದ ಪುಟ್ಟ ಮನೆಯನ್ನು ಬಾಡಿಗೆಗೆ ಹಿಡಿದರೆ ಊರಿಗೆ ಅಷ್ಟರಮಟ್ಟಿಗೆ ಹಗುರ. ಸಮುದ್ರ ಹತ್ತು ಹೆಜ್ಜೆಯಲ್ಲಿರುವಾಗ ಕೊಳವಾದರೂ ಏಕೆ?

ಕೊಮಿನೊ ದ್ವೀಪದ 'ನೀಲಿ ಲಗೂನ್' ಈ ಭಾರದ ಇನ್ನೊಂದು ಮುಖ. ಸ್ಫಟಿಕದಂಥ ನೀರಿನ ಆ ಚಿತ್ರವನ್ನು ನೋಡದವರಿಲ್ಲ. ಬೇಸಿಗೆಯ ಮಧ್ಯಾಹ್ನ ಅಲ್ಲಿ ನೀರಿಗಿಂತ ಜನವೇ ಹೆಚ್ಚಾಗಿ, ಕೊನೆಗೆ 2025ರ ಬೇಸಿಗೆಯಲ್ಲಿ ಸರಕಾರ ಮುಂಗಡ ನೋಂದಣಿಯನ್ನೂ ಜನಮಿತಿಯನ್ನೂ ತರಬೇಕಾಯಿತು. ಶಾಂತಿ ಬಯಸುವವರು ಆ ಚಿತ್ರವನ್ನು ಚಿತ್ರದಲ್ಲೇ ನೋಡಿದರೆ ಕಳೆದುಕೊಳ್ಳುವುದೇನಿಲ್ಲ.

ಮೂರು ದಿನ ಕಲ್ಲಿನೂರಲ್ಲಿ

ಎಂಟು ದಿನಗಳಿದ್ದರೆ ಮೂರನ್ನು ವಲೆಟ್ಟಾದ ಸುತ್ತ ಕಳೆಯಬಹುದು, ನಾಲ್ಕನ್ನು ಗೋಜೊದಲ್ಲಿ. ಉಳಿದ ಒಂದು ದಿನ ವಿಮಾನದ ಆಯಾಸಕ್ಕೆ. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ಎಲ್ಲಾದರೂ ಒಂದು ಕಡೆ ಬದಲಿಸಲೇಬೇಕು. ಗಡಿಯಾರದ ಅಂತರ ಬೇಸಿಗೆಯಲ್ಲಿ ಮೂರೂವರೆ ಗಂಟೆ.

1565ರಲ್ಲಿ ಆಟೊಮನ್ ತುರ್ಕರ ಭಾರಿ ಸೈನ್ಯ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಈ ದ್ವೀಪವನ್ನು ಮುತ್ತಿ, ಕೊನೆಗೆ ಬರಿಗೈಯಲ್ಲಿ ಮರಳಿತು. ಅದರ ಮರುವರ್ಷ ಕಟ್ಟತೊಡಗಿದ ಊರು ವಲೆಟ್ಟಾ. ಜೇನಿನ ಬಣ್ಣದ ಸುಣ್ಣಕಲ್ಲಿನ ಮನೆಗಳು, ಬಣ್ಣ ಬಳಿದ ಮರದ ಬಾಲ್ಕನಿಗಳು, ಎರಡೂ ತುದಿಯಲ್ಲಿ ಸಮುದ್ರ ಕಾಣುವ ನೇರ ಬೀದಿಗಳು. ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ಗಂಟೆಯ ನಡಿಗೆ.

ಇಲ್ಲಿ ಒಂದೇ ಒಂದನ್ನು ನೋಡಬೇಕೆಂದರೆ ಸಂತ ಜಾನರ ಸಹ-ಕೆಥೆಡ್ರಲ್ಲಿನಲ್ಲಿರುವ ಒಂದು ಚಿತ್ರ. ಇಟಲಿಯ ಕಲಾವಿದ ಕರವಾಜ್ಜೊ 1606ರಲ್ಲಿ ರೋಮಿನಲ್ಲಿ ಒಬ್ಬನನ್ನು ಕೊಂದು ತಲೆತಪ್ಪಿಸಿಕೊಂಡವನು. ಮರುವರ್ಷ ಮಾಲ್ಟಾಕ್ಕೆ ಬಂದ. 1608ರಲ್ಲಿ ಪಂಥದ ವೀರನೆಂಬ ಪದವಿಯನ್ನೂ ಗಿಟ್ಟಿಸಿದ. ಸ್ನಾನಿಕ ಜಾನನ ಶಿರಚ್ಛೇದನದ ಚಿತ್ರವನ್ನು ಬರೆದದ್ದು ಆ ವರ್ಷವೇ. ಅವನ ಚಿತ್ರಗಳಲ್ಲೆಲ್ಲ ಇದೇ ದೊಡ್ಡದು, ಅವನ ಸಹಿಯಿರುವುದೂ ಇದೊಂದಕ್ಕೇ. ಸಹಿ ಎಲ್ಲಿದೆಯೆಂದು ಮಕ್ಕಳು ಹುಡುಕಲಿ: ಜಾನನ ಕೊರಳಿಂದ ನೆಲಕ್ಕೆ ಹರಿದ ರಕ್ತದಲ್ಲೇ ಬರೆದಂತೆ ಅದು ಮೂಡಿದೆ. ಕೆಲವೇ ತಿಂಗಳಲ್ಲಿ ಹೊಡೆದಾಟವೊಂದಕ್ಕೆ ಸೆರೆಗೆ ಬಿದ್ದು, ಸೆರೆಯಿಂದಲೂ ತಪ್ಪಿಸಿಕೊಂಡ ಮಹಾನುಭಾವನನ್ನು ಪಂಥ ಹೊರಗಟ್ಟಿತು. ಹೊರಗಟ್ಟಿದ ಸಭೆ ಕೂಡಿದ್ದು ಅದೇ ಚಿತ್ರದ ಮುಂದೆ.

ಹಾಲ್ ಸಫ್ಲಿಯೆನಿಯ ನೆಲದಡಿಯ ಗುಹೆಗೆ ಮಾತ್ರ ಮನೆಯಿಂದ ಹೊರಡುವ ಮೊದಲೇ ಟಿಕೆಟ್ ಕಾದಿರಿಸಬೇಕು. ಐದು ಸಾವಿರ ವರ್ಷಗಳಿಗೂ ಹಿಂದಿನ ಜನ ಬಂಡೆಯಲ್ಲಿ ಕೊರೆದ ಸಮಾಧಿ ಕೋಣೆಗಳು ಅವು; 1902ರಲ್ಲಿ ಬೆಳಕಿಗೆ ಬಂದವು. ಜನರ ಉಸಿರಿಗೆ ಗೋಡೆಯ ಕೆಂಪು ಬಣ್ಣ ಅಳಿಯುತ್ತದೆಂದು ಗಂಟೆಗೆ ಹತ್ತೇ ಜನರನ್ನು ಒಳಗೆ ಬಿಡುತ್ತಾರೆ.

ಎರಡನೇ ಮಹಾಯುದ್ಧದಲ್ಲಿ ಬಾಂಬುಗಳ ಮಳೆ ಸಹಿಸಿದ್ದಕ್ಕೆ 1942ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ದೊರೆ ಇಡೀ ದ್ವೀಪಕ್ಕೇ ಜಾರ್ಜ್ ಕ್ರಾಸ್ ಪದಕ ಕೊಟ್ಟ. ಪದಕದಿಂದ ಹೊಟ್ಟೆ ತುಂಬಲಿಲ್ಲ. ಆಗಸ್ಟ್ ಹೊತ್ತಿಗೆ ಜನ ಉಪವಾಸದ ಅಂಚಿನಲ್ಲಿದ್ದಾಗ, ಮುರಿದುಬಿದ್ದ 'ಒಹಾಯೊ' ಎಂಬ ತೈಲದ ಹಡಗನ್ನು ಬೇರೆ ಹಡಗುಗಳು ಅಕ್ಕಪಕ್ಕ ಆತುಕೊಂಡು ಬಂದರಿಗೆ ಎಳೆತಂದವು. ಇವತ್ತಿಗೂ ಆ ಪದಕ ದೇಶದ ಬಾವುಟದ ಮೂಲೆಯಲ್ಲಿದೆ. ಸಂಜೆ ಮೇಲಿನ ಬರಾಕ್ಕಾ ಉದ್ಯಾನದ ಕಟ್ಟೆಯ ಮೇಲೆ ಕುಳಿತು ಆ ಬಂದರನ್ನು ನೋಡುತ್ತಿದ್ದರೆ ಇತಿಹಾಸದ ಪಾಠ ಬೇರೆ ಮಾಡಬೇಕಾಗಿಲ್ಲ.

ಭಾಷೆಯ ತೊಂದರೆಯಿಲ್ಲ, ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಆದರೆ ಅವರ ಮಾಲ್ಟಿ ಭಾಷೆಗೆ ಕಿವಿಗೊಟ್ಟರೆ ಒಂದು ಮೋಜು ಕಾದಿದೆ. ಅರಬ್ಬಿ ಬೇರಿನ ನುಡಿ ಅದು, ಬರೆಯುವುದು ಮಾತ್ರ ರೋಮನ್ ಲಿಪಿಯಲ್ಲಿ. ಲೋಕಕ್ಕೆ ಅವರು 'ದಿನ್ಯಾ' ಎನ್ನುತ್ತಾರೆ, ಪುಸ್ತಕಕ್ಕೆ 'ಕ್ತಿಯೆಬ್'. ದುನಿಯಾ, ಕಿತಾಬು ಎಂಬ ಮಾತು ಕೇಳಿ ಬೆಳೆದವರಿಗೆ ನೆಂಟರು ಸಿಕ್ಕಂತೆ!

ನಾಲ್ಕು ದಿನ ಗೋಜೊದಲ್ಲಿ

ಚಿರ್ಕೆವ್ವಾ ಎಂಬಲ್ಲಿ ದೋಣಿ ಹತ್ತಿದರೆ 25 ನಿಮಿಷದಲ್ಲಿ ಗೋಜೊ. ಹೋಗುವಾಗ ಟಿಕೆಟ್ ಕೇಳುವುದಿಲ್ಲ, ಮರಳುವಾಗ ಕೊಡಬೇಕು. ದ್ವೀಪಕ್ಕೆ ಬಂದವನು ಎಲ್ಲಿಗೆ ಓಡಿಹೋದಾನು ಎಂಬ ಧೈರ್ಯವಿರಬೇಕು.

ಗೋಜೊದಲ್ಲಿ ಮಾಡುವುದಕ್ಕೆ ಹೆಚ್ಚೇನೂ ಇಲ್ಲ. ಅದೇ ಅದರ ಹೆಚ್ಚುಗಾರಿಕೆ. ಊರಿಗೊಂದು ಭಾರಿ ಇಗರ್ಜಿ, ಅದರ ಮುಂದೊಂದು ಚೌಕ, ಚೌಕದಲ್ಲಿ ನಾಲ್ಕು ಬೆಂಚು, ಬೆಂಚಿನಲ್ಲಿ ಹರಟುವ ಮುದುಕರು. ಶ್ವೇಯ್ನಿಯಲ್ಲಿ ಬಂಡೆಯನ್ನೇ ಚದುರಂಗದ ಮನೆಗಳಂತೆ ಕೊರೆದು ಮಾಡಿದ ಉಪ್ಪಿನಾಗರಗಳಿವೆ. ಅಲೆ ತಂದ ನೀರು ಬಿಸಿಲಿಗೆ ಆರಿ ಉಪ್ಪಾಗುತ್ತದೆ. ರಮ್ಲಾದಲ್ಲಿ ಕೆಂಪು ಮರಳಿನ ದಂಡೆ. ಜಿಗಂತಿಯಾ ಗುಡಿಗಳು ಕ್ರಿ.ಪೂ. 3600ರ ಸುಮಾರಿನವು, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯವು. ಅಷ್ಟು ದೊಡ್ಡ ಕಲ್ಲುಗಳನ್ನು ರಾಕ್ಷಸಿಯೊಬ್ಬಳು ಹೊತ್ತು ತಂದಳೆಂದು ಊರವರ ಕಥೆ. ಹಳೆಯ ಪುಸ್ತಕಗಳಲ್ಲಿ ಕಾಣುವ 'ನೀಲಿ ಕಿಟಕಿ' ಎಂಬ ಕಲ್ಲಿನ ಕಮಾನನ್ನು ಮಾತ್ರ ಹುಡುಕಬೇಡಿ. 2017ರ ಮಾರ್ಚ್ 8ರ ಬಿರುಗಾಳಿಗೆ ಅದು ಸಮುದ್ರದ ಪಾಲಾಯಿತು.

ಈಜು ಕಲಿಯದ ಮಕ್ಕಳಿದ್ದವರಿಗೆ ಒಂದು ಎಚ್ಚರಿಕೆ. ಇಲ್ಲಿನ ತೀರ ಬಹುಪಾಲು ಬಂಡೆ. ಕಾಲಿಟ್ಟ ಕೂಡಲೇ ಆಳ. ಮರಳಿನ, ದೂರದವರೆಗೂ ಆಳವಿಲ್ಲದ ದಂಡೆ ಬೇಕೆಂದರೆ ಮಾಲ್ಟಾದ ಮೆಲ್ಲಿಯಾ ಕೊಲ್ಲಿಯೇ ಸರಿ. ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯುವ ಮಾತೇ ಇಲ್ಲ.

ಊಟದ ಚಿಂತೆ ಅಮ್ಮಂದಿರದು. ಬಟಾಣಿ ಅಥವಾ ಗಿಣ್ಣಿನಂಥ ರಿಕೋಟಾ ತುಂಬಿ ಬೇಯಿಸಿದ 'ಪಾಸ್ತಿಜ್ಜಿ' ಬೀದಿ ಬೀದಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಪದರ ಪದರವಾಗಿ ಗರಿಗರಿ. ಸಸ್ಯಾಹಾರಿಗಳು ಒಂದು ಮಾತು ಕೇಳಿಯೇ ತಿನ್ನಬೇಕು, ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುವ ಪದ್ಧತಿಯೂ ಇದೆ. ಒಣ ಅವರೆಯಂಥ ಕಾಳನ್ನು ಬೆಳ್ಳುಳ್ಳಿ ಹಾಕಿ ಅರೆದ 'ಬಿಜಿಲ್ಲಾ' ನಮ್ಮ ನಾಲಿಗೆಗೆ ಬೇಗ ಹತ್ತುತ್ತದೆ. ಅನ್ನ ಸಾರೇ ಬೇಕೆಂದರೂ ಪರದಾಡಬೇಕಿಲ್ಲ. 2021ರ ಜನಗಣತಿಯ ಪ್ರಕಾರ ಅಲ್ಲಿನ ವಿದೇಶೀಯರಲ್ಲಿ ಇಟಲಿ, ಬ್ರಿಟನ್ನಿನವರ ನಂತರ ಭಾರತೀಯರದೇ ದೊಡ್ಡ ಸಂಖ್ಯೆ. ಬಸ್ಸು ಓಡಿಸುವವರಲ್ಲಿ, ಆಸ್ಪತ್ರೆಯ ದಾದಿಯರಲ್ಲಿ ನಮ್ಮವರ ಮುಖ ಕಂಡೀತು.

ಕಾಗದಪತ್ರಗಳ ಕೆಲಸ

ಮಾಲ್ಟಾ 2004ರಲ್ಲಿ ಯುರೋಪಿಯನ್ ಒಕ್ಕೂಟವನ್ನೂ 2007ರಲ್ಲಿ ಷೆಂಗೆನ್ ವಲಯವನ್ನೂ ಸೇರಿತು. 2008ರಿಂದ ಯೂರೋ ನಾಣ್ಯ. ಆದ್ದರಿಂದ ಬೇಕಾದದ್ದು ಷೆಂಗೆನ್ ವೀಸಾ. 2024ರ ಜೂನ್‌ನಲ್ಲಿ ಪರಿಷ್ಕರಿಸಿದ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45. ಅದಕ್ಕೂ ಚಿಕ್ಕವರಿಗೆ ಇಲ್ಲ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. 15 ದಿನಗಳಿಗಿಂತ ತಡವಾಗಬಾರದು. ಕೊನೇ ಗಳಿಗೆಯವರೆಗೆ ಕಾಯುವುದು ಜಾಣತನವಲ್ಲ. ಏಪ್ರಿಲ್ ಪ್ರವಾಸಕ್ಕೆ ಜನವರಿಯಲ್ಲೇ ಕಾಗದ ಜೋಡಿಸಿದರೆ ಪರೀಕ್ಷೆಯ ದಿನಗಳಲ್ಲಿ ಮನೆಯಲ್ಲಿ ಗದ್ದಲವಿರದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ.

ಇನ್ನು ಪಾಸ್‌ಪೋರ್ಟು. ಷೆಂಗೆನ್ ವಲಯದಿಂದ ಹೊರಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಅದಕ್ಕೆ ಅವಧಿ ಉಳಿದಿರಬೇಕು. ದೊಡ್ಡವರದು ಹತ್ತು ವರ್ಷದ್ದು, ನೆನಪಿರುತ್ತದೆ. ಮಕ್ಕಳದು ಸಾಮಾನ್ಯವಾಗಿ ಐದೇ ವರ್ಷಕ್ಕೆ ಮುಗಿಯುತ್ತದೆ. ವಿಮಾನದ ಟಿಕೆಟ್ಟಿಗೆ ದುಡ್ಡು ಕಟ್ಟುವ ಮುನ್ನ ಬೀರುವಿನಿಂದ ಅದನ್ನು ತೆಗೆದು ಕೊನೆಯ ದಿನಾಂಕವನ್ನು ಒಮ್ಮೆ ನೋಡಿಕೊಳ್ಳಿ.