ಪ್ರೊಪೆಲರಿನ ಅಂಚಿನಲ್ಲೊಂದು ಕಚ್ಚು



ನಮ್ಮ ಹಿಂದೂಪುರದಲ್ಲಿ ಬೆಂಗಳೂರಿನ ರೈಲು ಹತ್ತಿ ಯಲಹಂಕದಲ್ಲಿ ಇಳಿದರೆ ಜಕ್ಕೂರು ಹತ್ತಿರ. ಅಲ್ಲಿಯ ಸಣ್ಣ ವಿಮಾನ ನಿಲ್ದಾಣ 1940ರ ದಶಕದ ಕೊನೆಯಿಂದ ವಿಮಾನ ಹಾರಿಸುವುದನ್ನು ಕಲಿಸಿ ಹೆಸರಾದದ್ದು. ನನ್ನ ಅಕ್ಕನ ಮಗ ಅಲ್ಲೊಂದು ಹ್ಯಾಂಗರಿನಲ್ಲಿ, ಅಂದರೆ ವಿಮಾನ ಕಟ್ಟುವ ಕೊಟ್ಟಿಗೆಯಲ್ಲಿ, ಮೆಕ್ಯಾನಿಕ್. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಒಮ್ಮೆ ನೋಡಲು ಹೋಗಿದ್ದೆ. ಫೋಟೋ ತೆಗೆಸಿಕೊಳ್ಳೋಣವೆಂದು ವಿಮಾನದ ಮೂತಿಯಲ್ಲಿದ್ದ ಪ್ರೊಪೆಲರ್ ಮೇಲೆ ಕೈ ಇಟ್ಟೆ. "ಮಾವಾ, ಕೈ ತೆಗೀರಿ!" ಎಂದು ಅವನು ಕೂಗಿದ್ದಕ್ಕೆ ಎದೆ ಝಲ್ಲೆಂದಿತು.

ಇಂಜಿನ್ ನಿಂತಿತ್ತು. ಕೀಲಿಕೈ ಅವನ ಜೇಬಿನಲ್ಲಿತ್ತು. ಮತ್ತೆ ಭಯವೇಕೆ? ಈ ಇಂಜಿನ್ನುಗಳಲ್ಲಿ ಕಿಡಿ ಹುಟ್ಟಿಸುವುದು ಮ್ಯಾಗ್ನೆಟೋ. ಹಳೆಯ ಮೊಪೆಡ್ಡುಗಳು ಬ್ಯಾಟರಿ ಇಲ್ಲದೆಯೇ ಸ್ಟಾರ್ಟ್ ಆಗುತ್ತಿದ್ದವಲ್ಲ, ಅದೇ ಬಗೆ. ತಿರುಗಿಸಿದರೆ ಸಾಕು, ತಾನೇ ಕರೆಂಟು ಹುಟ್ಟಿಸಿಕೊಳ್ಳುತ್ತದೆ. ಮನೆಯಲ್ಲಿ ಸ್ವಿಚ್ ಆಫ್ ಮಾಡಿದರೆ ಕರೆಂಟು ಕಡಿಯುತ್ತದೆ. ಇಲ್ಲಿ ಉಲ್ಟಾ. ಆಫ್ ಮಾಡಿದಾಗ ಒಂದು ತಂತಿ ಮ್ಯಾಗ್ನೆಟೋವನ್ನು ಇಂಜಿನ್ನಿನ ಮೈಗೆ ಸೇರಿಸಿ ಅರ್ಥ್ ಮಾಡುತ್ತದೆ. ಆ ತಂತಿ ಒಳಗೆಲ್ಲೋ ತುಂಡಾಗಿದ್ದರೆ ಸ್ವಿಚ್ ಆಫ್ ಆಗಿದ್ದರೂ ಮ್ಯಾಗ್ನೆಟೋಗೆ ಜೀವ ಇರುತ್ತದೆ. ಸಿಲಿಂಡರಿನಲ್ಲಿ ಪೆಟ್ರೋಲಿನ ಆವಿ ಉಳಿದಿದ್ದು, ಅಲಗನ್ನು ಸ್ವಲ್ಪ ಸರಿಸಿದರೂ ಇಂಜಿನ್ ಒಮ್ಮೆ ಒದೆಯಬಹುದು. ಆ ಒಂದು ಒದೆತಕ್ಕೆ ಕೈ ಹೋದೀತು, ತಲೆಯೂ ಹೋದೀತು. ಆದ್ದರಿಂದ ಬಲ್ಲವರು ನಿಂತ ಪ್ರೊಪೆಲರನ್ನೂ ತಿರುಗುವ ಪ್ರೊಪೆಲರೆಂದೇ ಎಣಿಸುತ್ತಾರೆ. ಅದರ ಸುತ್ತಿನೊಳಗೆ ನಿಲ್ಲುವುದಿಲ್ಲ.

ಆಮೇಲೆ ಅವನು ಸ್ವಿಚ್ಚು, ಪೆಟ್ರೋಲು, ಚಕ್ರದ ಅಡ್ಡೆ ಎಲ್ಲ ನೋಡಿ, ಪಕ್ಕದಲ್ಲಿ ನಿಂತು, ಅಲಗಿನ ಮುಂದಿನ ಅಂಚಿನ ಮೇಲೆ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಎಳೆದ. ಒಂದು ಕಡೆ ಉಗುರು ತಡೆಯಿತು. ಕನ್ನಡಕ ಹಾಕಿಕೊಂಡು ನೋಡಿದೆ. ರಾಗಿ ಕಾಳು ಕೂರುವಷ್ಟು ಕಚ್ಚು. "ಇವತ್ತು ಈ ವಿಮಾನ ಹಾರೋದಿಲ್ಲ ಮಾವ" ಅಂದ. ಬೆಳಿಗ್ಗೆಯಿಂದ ಕಾದಿದ್ದ ಕಲಿಯುವ ಹುಡುಗ ಮುಖ ಗಂಟು ಹಾಕಿಕೊಂಡು ಹೋದ. ನನಗೂ ಇದು ಅತಿಯೆನಿಸಿತು.

ಅತಿಯಲ್ಲ. ಲೆಕ್ಕ ಹಾಕಿ ನೋಡಿ. ಇಂಥ ವಿಮಾನದ ಪ್ರೊಪೆಲರ್ ತುದಿಯಿಂದ ತುದಿಗೆ ಸುಮಾರು 75 ಅಂಗುಲ. ನಿಮಿಷಕ್ಕೆ 2500 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್. ಆಗ ತುದಿಯ ಹತ್ತಿರದ 100 ಗ್ರಾಂ ಲೋಹವನ್ನು ಆರು ಕ್ವಿಂಟಲ್ ತೂಕದಷ್ಟು ಬಲ ಹೊರಕ್ಕೆ ಎಳೆಯುತ್ತಿರುತ್ತದೆ. ಜೊತೆಗೆ ಇಂಜಿನ್ನಿನ ಪ್ರತಿ ಹೊಡೆತಕ್ಕೂ ಅಲಗು ನಡುಗುತ್ತದೆ.

ಬಟ್ಟೆ ಅಂಗಡಿಯವರು ಏನು ಮಾಡುತ್ತಾರೆ? ಅಂಚಿನಲ್ಲಿ ಕತ್ತರಿಯಿಂದ ಒಂದು ಚೂರು ಕಚ್ಚು ಹಾಕಿ, ಉಳಿದದ್ದನ್ನು ಕೈಯಿಂದಲೇ ಪರ್ರೆಂದು ಹರಿಯುತ್ತಾರೆ. ಕಚ್ಚಿಲ್ಲದಿದ್ದರೆ ಪೈಲ್ವಾನನಿಂದಲೂ ಹರಿಯುವುದು ಕಷ್ಟ. ಎಳೆತವೆಲ್ಲ ಆ ಕಚ್ಚಿನ ಮೂಲೆಗೆ ಬಂದು ಸೇರುತ್ತದೆ. ಅಲ್ಯೂಮಿನಿಯಂ ಅಲಗಿನಲ್ಲೂ ಹೀಗೆಯೇ. ಕಚ್ಚಿನ ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಹಾರಿದಷ್ಟೂ ಬೆಳೆದು, ಒಂದು ದಿನ ತುದಿ ಮುರಿದು ಹೋಗುತ್ತದೆ. ಆಗ ತೂಕ ತಪ್ಪಿದ ಉಳಿದ ಭಾಗದ ಅದುರು ಇಂಜಿನ್ನನ್ನೇ ಬುಡದಿಂದ ಕಿತ್ತುಬಿಡಬಹುದು.

ಕಚ್ಚು ಬೀಳುವುದು ಹೆಚ್ಚಾಗಿ ನೆಲದ ಮೇಲೆಯೇ. ನಾನು ಕಲ್ಯಾಣದುರ್ಗದ ಶಾಖೆಯಲ್ಲಿದ್ದಾಗ ಬೇಸಿಗೆಯಲ್ಲಿ ಖಾಲಿ ಕಡಲೆಕಾಯಿ ಹೊಲಗಳಲ್ಲಿ ಸುಂಟರಗಾಳಿ ಎದ್ದು ದೂಳು, ಕಸ, ಕಡ್ಡಿ ಎಲ್ಲ ಮೇಲೆತ್ತುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಪ್ರೊಪೆಲರಿನ ಕೆಳಗೂ ಅಂಥದೇ ಸಣ್ಣ ಸುಳಿ ಏಳುತ್ತದೆ. ಜಲ್ಲಿಯನ್ನು ಎತ್ತಿ ಅಲಗಿಗೆ ಬಡಿಯುತ್ತದೆ. ಅದಕ್ಕೇ ನಿಂತಲ್ಲಿ ಇಂಜಿನ್ ಜೋರು ಮಾಡುವ ಮುಂಚೆ ಕಲ್ಲಿಲ್ಲದ ಜಾಗ ನೋಡಿಕೊಳ್ಳಬೇಕು. ಕಲ್ಯಾಣದುರ್ಗದ ಸುತ್ತಿನ ಗುಡ್ಡಗಳಲ್ಲಿ ಈಗ ನಿಂತಿರುವ ಗಾಳಿಯಂತ್ರಗಳ ಅಲಗುಗಳೂ ದೂಳು ಮಳೆಗೆ ಮೊದಲು ಸವೆಯುವುದು ಇದೇ ಮುಂದಿನ ಅಂಚಿನಲ್ಲಿ.

ಕಚ್ಚಿಗೆ ಮದ್ದೆಂದರೆ ಅದನ್ನು ಮುಚ್ಚುವುದಲ್ಲ, ತೆರೆಯುವುದು. ಲಪ್ಪ ತುಂಬಿ ಬಣ್ಣ ಬಳಿದರೆ ಬಿರುಕು ಒಳಗೇ ಬೆಳೆಯುತ್ತದೆ. ನುಣ್ಣನೆಯ ಅರದಿಂದ ಉಜ್ಜಿ, ಚೂಪಾದ ಕಚ್ಚನ್ನು ಅದರ ಆಳಕ್ಕಿಂತ ಹಲವು ಪಟ್ಟು ಉದ್ದದ, ಚಪ್ಪಟೆ ತಟ್ಟೆಯಂಥ ತಗ್ಗಾಗಿ ಮಾಡುತ್ತಾರೆ. ಆಮೇಲೆ ಅರದ ಗೀರು ಉಳಿಯದ ಹಾಗೆ ಎಮರಿ ಕಾಗದದಿಂದ ತಿಕ್ಕುತ್ತಾರೆ. ಅದೂ ಅಲಗಿನ ಉದ್ದಕ್ಕೆ, ಅಡ್ಡಕ್ಕಲ್ಲ, ಅಡ್ಡಗೀರೇ ಇನ್ನೊಂದು ಕಚ್ಚಾದೀತು. ಬಿರುಕು ಉಳಿದಿದೆಯೋ ನೋಡಲು ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಹಾಕುತ್ತಾರೆ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಎಷ್ಟು ಉಜ್ಜಬಹುದೆಂಬುದಕ್ಕೆ ತಯಾರಕರು ಮಿತಿ ಕೊಟ್ಟಿರುತ್ತಾರೆ. ಅಲಗು ಅದಕ್ಕಿಂತ ಸವೆದರೆ ಗುಜರಿಗೇ. ಬಾಗಿದ ಅಲಗನ್ನು ಸುತ್ತಿಗೆಯಿಂದ ನೇರ ಮಾಡುವ ಮಾತೇ ಇಲ್ಲ.

ಮರದ ಪ್ರೊಪೆಲರಿನದು ಬೇರೆ ಸ್ವಭಾವ. ಒಣ ಹವೆಗೆ ಮರ ಕುಗ್ಗಿ ನಡುವಿನ ಬೋಲ್ಟುಗಳು ಸಡಿಲವಾಗುತ್ತವೆ, ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತವೆ. ಹಾಗಾಗಿ ಕಾಲ ಬದಲಾದಾಗ ಬಿಗಿಯನ್ನು ಅಳೆದು ನೋಡಬೇಕು. ನಿಲ್ಲಿಸುವಾಗ ಅಲಗು ಅಡ್ಡಡ್ಡವಾಗಿರಬೇಕು. ನೆಟ್ಟಗೆ ನಿಲ್ಲಿಸಿದರೆ ತೇವವೆಲ್ಲ ಕೆಳಗಿನ ಅಲಗಿಗೆ ಇಳಿದು ತೂಕ ತಪ್ಪುತ್ತದೆ. ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆ ರೂಪಿಸಿ 2000ದಲ್ಲಿ ಪ್ರಮಾಣಪತ್ರ ಪಡೆದ ಹಂಸ ವಿಮಾನದಲ್ಲಿ ಹಾರುತ್ತಲೇ ಅಲಗಿನ ಓರೆ ಬದಲಾಗುತ್ತದೆ. ಅಂಥವುಗಳ ನಡುಗುಂಬವನ್ನು ಬಿಚ್ಚಿ ನೋಡಲು ಹಾರಿದ ಗಂಟೆಗಳ ಗಡುವೂ ಉಂಟು, ವರ್ಷಗಳ ಗಡುವೂ ಉಂಟು; ಯಾವುದು ಮೊದಲೋ ಅದು. ಹಾರದೆ ಸುಮ್ಮನೆ ನಿಂತದ್ದಕ್ಕೂ ಗಡುವೇ ಎಂದರೆ ವಿಮಾನದ ಒಡೆಯರು ಗೊಣಗುತ್ತಾರಂತೆ. ಪ್ರಾಮಿಸರಿ ನೋಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೂ ಮೂರು ವರ್ಷಕ್ಕೆ ವಾಯಿದೆ ತೀರುವುದಿಲ್ಲವೇ? ಒಳಗಿನ ತುಕ್ಕಿಗೆ ರಜಾ ಇಲ್ಲ.

ಮರುದಿನ ಲೈಸೆನ್ಸ್ ಇರುವ ಇಂಜಿನಿಯರ್ ಬಂದು ಆ ಕಚ್ಚನ್ನು ಉಜ್ಜಿಸಿ, ಬಣ್ಣದ ಪರೀಕ್ಷೆ ಮಾಡಿಸಿ, ಲಾಗ್ ಪುಸ್ತಕದಲ್ಲಿ ಬರೆದರು: ಯಾವ ಅಲಗು, ಯಾವ ಜಾಗ, ಎಷ್ಟು ಉಜ್ಜಿದ್ದು, ದಿನಾಂಕ, ಸಹಿ. ಮಧ್ಯಾಹ್ನಕ್ಕೆ ಆ ಹುಡುಗ ಹಾರಿ ಬಂದ. ನಾನು ಫೋಟೋವನ್ನು ರೆಕ್ಕೆಯ ಪಕ್ಕ ನಿಂತು ತೆಗೆಸಿಕೊಂಡೆ.